ಫೋಟೋ ನೋಡಿ ಕೊರೆದ ಕೀಲಿ

ಐದು ಮಹಡಿಯ ಆ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಮೂಲೆ ಬೀಗದಕ್ಕನದು. ಒಂದು ಗಿಡ್ಡ ಮೇಜು, ಅದಕ್ಕೆ ಬಿಗಿದ, ಕೀಲಿ ಕಚ್ಚಿ ಹಿಡಿಯುವ ವೈಸು, ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಗಳ ಗೊಂಚಲು, ಮೇಲೆ ಫೋನ್ ನಂಬರು ಬರೆದ ತಗಡಿನ ಬೋರ್ಡು. ಮೊದಲು ಅವಳ ಅಪ್ಪ ಕೂರುತ್ತಿದ್ದ. ಅವನು ಹೋದ ಮೇಲೆ ಇಪ್ಪತ್ತೆರಡು ವರ್ಷದಿಂದ ಇವಳು. ಅವಳ ನಿಜವಾದ ಹೆಸರು ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ, ನಾಲಿಗೆ ಮಾತ್ರ ಎಲ್ಲರಿಗೂ ಗೊತ್ತು. ಕೀಲಿ ಕಳೆದುಕೊಂಡು ಬಂದ ಒಬ್ಬರನ್ನೂ ಅವಳು ಬೈಯದೆ ಕಳಿಸಿದ್ದಿಲ್ಲ.

ಆದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಅವಳ ಕೈಯಿಂದ ಹೋದ ಕೀಲಿ ಬೇರೆಯವರ ಬಾಗಿಲು ತೆರೆಯಿತು ಎಂಬ ಮಾತು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆ ಕಸುಬಿನಲ್ಲಿ ಅನ್ನ ಹುಟ್ಟುವುದೇ ಆ ಹೆಸರಿನಿಂದ. ಬೀಗದ ಒಡೆಯ ಎದುರಿಗಿಲ್ಲದೆ ಕೀಲಿಗೆ ಅರ ತಾಗಿಸಬಾರದು ಎಂದು ಅಪ್ಪ ಕಲಿಸಿದ್ದ. ಅದನ್ನು ಅವಳು ಮೀರಿದ್ದು ಒಂದೇ ಸಲ.

ಮೂರನೇ ಮಹಡಿಗೆ ಹೊಸದಾಗಿ ಬಂದ ಗಂಡ ಹೆಂಡತಿ ಕಟ್ಟಡದವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರು. ಹೆಂಡತಿಯ ಕೈಯಲ್ಲಿ ಹೊಳೆಯುವ ಕೀಲಿ, ಹಿಂದೆ ಬಾಗಿಲು, ಬಾಗಿಲ ಮೇಲೆ ಮನೆಯ ನಂಬರು. ಕೆಳಗೆ, ‘ನಮ್ಮ ಸ್ವಂತ ಗೂಡು! ಮೂರು ದಿನ ಅಮ್ಮನ ಮನೇಲಿದ್ದು ಬಂದು ಎಲ್ಲರಿಗೂ ಸಿಹಿ ಹಂಚ್ತೀವಿ.’ ಅದೇ ಫೋಟೋವನ್ನು ಫೇಸ್‌ಬುಕ್ಕಿಗೂ ಹಾಕಿದ್ದರು.

ಬೀಗದಕ್ಕ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಐದು ಹಲ್ಲು. ಒಂದೊಂದರ ಆಳವೂ ಕಣ್ಣಳತೆಗೆ ಸಿಕ್ಕಿತು. ‘ಆ ಫೋಟೋ ಅಳಿಸಿ. ಕೀಲಿ ಹಲ್ಲು ಕಾಣ್ತಿದೆ’ ಎಂದು ಬರೆದಳು.

‘ಹಲ್ಲು ಕಂಡ್ರೆ ಏನಂತೆ ಆಂಟಿ, ನಾವೂ ಹಲ್ಲು ಬಿಟ್ಕೊಂಡೇ ನಿಂತಿದೀವಲ್ಲ’ ಎಂದು ಹೆಂಡತಿ ಉತ್ತರಿಸಿದಳು. ಗುಂಪಿನ ತುಂಬ ನಗುವ ಮುಖಗಳು ಸಾಲುಗಟ್ಟಿದವು. ‘ಬೀಗದಕ್ಕಂಗೆ ಹೊಟ್ಟೆ ಉರಿ’ ಎಂದು ಯಾರೋ ಸೇರಿಸಿದರು.

ಹೊಟ್ಟೆ ಉರಿದದ್ದು ನಿಜ, ಆ ಮಾತಿಗೆ. ಗೋಡೆಯಿಂದ ಅದೇ ಜಾತಿಯ ಒಂದು ಖಾಲಿ ಕೀಲಿ ತೆಗೆದು ವೈಸಿಗೆ ಕಚ್ಚಿಸಿದಳು. ಅರ್ಧ ಗಂಟೆಯ ಕೆಲಸ.

ನಾಲ್ಕನೆಯ ದಿನ ಬೆಳಿಗ್ಗೆ ಮೇಲೆ ಹೋಗಿ ಕರೆಗಂಟೆ ಒತ್ತಿದಳು. ಬಾಗಿಲು ತೆರೆದ ಹೆಂಡತಿಯ ಕೈಗೆ ಕೀಲಿ ಕೊಟ್ಟಳು. “ಹಾಕಿ ತಿರುಗಿಸಿ ನೋಡಿ.”

ಹೆಂಡತಿ ಹೊರಗೆ ಬಂದು, ಬಾಗಿಲು ಎಳೆದುಕೊಂಡು ತಿರುಗಿಸಿದಳು. ಬೀಗ ಒಂದಿಷ್ಟೂ ತಕರಾರು ಮಾಡದೆ ತೆರೆಯಿತು.

“ಫೋಟೋ ನೋಡಿ ಮಾಡಿದ್ದು. ನನಗೆ ಬಂದಿದ್ದು ಇನ್ನೊಬ್ಬನಿಗೆ ಬರಲ್ವಾ? ಈಗ್ಲಾದ್ರೂ—”

“ರೀ, ಬನ್ನಿ ಇಲ್ಲಿ! ನಮ್ಮನೆ ಕಳ್ಳ ಕೀಲಿ ಮಾಡ್ಕೊಂಡಿದಾಳೆ ಇವಳು!”

ಗಂಡ ಬಂದದ್ದೇ ಫೋನ್ ಎತ್ತಿ ಹಿಡಿದುಕೊಂಡು. “ಹೇಳಮ್ಮಾ, ಕ್ಯಾಮೆರಾ ನೋಡಿ ಹೇಳು. ಮೂರು ದಿನ ಏನೇನು ಸಾಗಿಸ್ದೆ?”

“ನಿನ್ನ ಮನೇಲಿ ಸಾಗ್ಸೋಕೆ ಏನಿದೆಯಪ್ಪ, ಬುದ್ಧಿಯಂತೂ ಇಲ್ಲ” ಎಂದಳು ಬೀಗದಕ್ಕ.

ಆ ಮಾತು ಆಡಬಾರದಿತ್ತು. ವಿಡಿಯೋದಲ್ಲಿ ಉಳಿದದ್ದು ಅದೊಂದೇ ಮಾತು. ಅವಳು ಮೊದಲು ಹೇಳಿದ್ದು ಅದರಲ್ಲಿರಲಿಲ್ಲ, ತನ್ನ ಪ್ರಶ್ನೆಯನ್ನೂ ಅವನು ಕತ್ತರಿಸಿದ. ಮೆಟ್ಟಿಲಿಳಿದು ಅವಳ ಬೋರ್ಡನ್ನೂ ಚಿತ್ರಿಸಿಕೊಂಡು, ‘ಫೋಟೋ ನೋಡಿ ಕಳ್ಳ ಕೀಲಿ ಮಾಡುವವಳು ಸಿಕ್ಕಿಬಿದ್ದಳು’ ಎಂದು ತಲೆಬರಹ ಕೊಟ್ಟ. ಸಂಜೆಯ ಹೊತ್ತಿಗೆ ಬೇರೆ ಊರಿನಲ್ಲಿರುವ ತಂಗಿ ಫೋನ್ ಮಾಡಿದಳು. “ಅಕ್ಕಾ, ನಮ್ಮ ಬೀದಿಯವರೆಲ್ಲ ನಿನ್ನನ್ನ ನೋಡಾಯ್ತು. ಯಜಮಾನರ ಮುಂದೆ ನಾನೇನು ಹೇಳ್ಲಿ?” ಸರಕು ಗಾಡಿ ಓಡಿಸುವ ಬೀಗದಕ್ಕನ ಗಂಡ ಊಟಕ್ಕೆ ಕೂತವನು ತಲೆ ಎತ್ತದೆ, “ಊರಿನ ಬೀಗ ಎಲ್ಲ ಮಾಡ್ದೆ, ನಿನ್ನ ಬಾಯಿಗೊಂದು ಮಾಡ್ಕೊಳ್ಳಲಿಲ್ಲ” ಎಂದ.

ಕಟ್ಟಡದ ಕಾರ್ಯದರ್ಶಿ ಮೇಜಿನ ಮುಂದೆ ನಿಂತು, ಕೂರಲು ಹೇಳಿದರೂ ಕೂರದೆ, ಹೇಳಬೇಕಾದ್ದು ಹೇಳಿದ. “ನಿಮ್ಮಪ್ಪನ ಮುಖ ನೋಡಿ ಈ ಸಲ ಬಿಟ್ಟಿದೀನಿ. ಇನ್ನೊಂದು ದೂರು ಬರ್ಲಿ, ಅವತ್ತೇ ಈ ಮೇಜು ರಸ್ತೆಗೆ.”

“ಆ ಫೋಟೋ ಇನ್ನೂ ಗುಂಪಲ್ಲೇ ಇದೆ ಸಾರ್. ಬೀಗಾನೂ ಬದಲಾಯಿಸಿಲ್ಲ.”

“ಅದು ಅವರ ಮನೆ ವಿಷಯ. ನಿನಗ್ಯಾಕೆ?”

ಮಾಮೂಲಿ ಗಿರಾಕಿಗಳು ಬರುವುದು ನಿಂತಿತು. ಕಟ್ಟಡದವರು ಅವಳ ಮುಂದೆ ಹಾಯುವಾಗ ಕೀಲಿಗೊಂಚಲನ್ನು ಜೇಬಿಗಿಳಿಸುತ್ತಿದ್ದರು. ಆದರೆ ಫೋನ್ ನಿಲ್ಲಲಿಲ್ಲ. ಬೋರ್ಡಿನ ನಂಬರು ಸಾವಿರಾರು ಜನರ ಕೈಗೆ ಹೋಗಿತ್ತು. ಅರ್ಧ ಜನ ಬೈಯಲು ಕರೆದರು. ಉಳಿದರ್ಧದವರಿಗೆ ಕೆಲಸ ಆಗಬೇಕಿತ್ತು. ಸೊಸೆಯ ಬೀರುವಿನ ಕೀಲಿಯ ಫೋಟೋ ಕಳಿಸಿದ ಒಬ್ಬ ಅತ್ತೆ, “ಅವಳು ಸ್ನಾನಕ್ಕೆ ಹೋದಾಗ ತೆಗ್ದಿದ್ದು, ಸರಿಯಾಗಿ ಬಂದಿದೆಯಾ ನೋಡಿ” ಎಂದು ಕೇಳಿದಳು. ಪಾಲುದಾರನ ಗೋದಾಮಿನ ಕೀಲಿ ಒಬ್ಬನಿಗೆ ಬೇಕಿತ್ತು. ಫೋಟೋದಿಂದ ಕೀಲಿ ಆಗುತ್ತದೆಂದು ಜನರನ್ನು ಎಚ್ಚರಿಸಲು ಹೋಗಿ, ತಾನೇ ಅದಕ್ಕೆ ಜಾಹೀರಾತು ಆಗಿಬಿಟ್ಟಿರುವುದು ಬೀಗದಕ್ಕನಿಗೆ ಅರ್ಥವಾಯಿತು. ಎಲ್ಲರಿಗೂ ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟಳು.

ಹತ್ತನೆಯ ದಿನ ನೀಲಿ ಅಂಗಿಯವನೊಬ್ಬ ನೇರವಾಗಿ ಬಂದ. ಮಾತು ನಯ. ಫೋನ್ ತಿರುಗಿಸಿ ತೋರಿಸಿದ: ಮೇಜಿನ ಮೇಲೊಂದು ಚಹಾದ ಲೋಟ, ಪಕ್ಕದಲ್ಲಿ ಕೀಲಿಗೊಂಚಲು.

“ನನ್ನ ಹೆಂಡ್ತಿದು. ಕಳೆದುಹೋಗಿದೆ. ಇದನ್ನ ನೋಡಿ ಮಾಡ್ಕೊಡಿ.”

ದೊಡ್ಡ ಕೀಲಿಯ ಮೂರನೇ ಹಲ್ಲು ಒಂಚೂರು ದುಂಡಗಿತ್ತು. ಹಾಗೆ ಅರೆದದ್ದು ತಾನೇ ಎಂದು ಬೀಗದಕ್ಕನಿಗೆ ನೋಡಿದ ಕೂಡಲೇ ತಿಳಿಯಿತು. ಬೀಗದೊಳಗಿನ ಸವೆದ ಪಿನ್ನಿಗೆ ಹೊಂದಲಿ ಎಂದು ನಾಲ್ಕು ತಿಂಗಳ ಕೆಳಗೆ ಮಾಡಿಕೊಟ್ಟಿದ್ದಳು, ಆಸ್ಪತ್ರೆಯ ಹಿಂದಿನ ಬೀದಿಯ ಒಬ್ಬ ನರ್ಸಿಗೆ. ‘ಒಬ್ಬಳೇ ಇರೋದಮ್ಮ, ಬೀಗ ಕೈ ಕೊಡಬಾರದು’ ಎಂದಿದ್ದಳು ಆ ಹುಡುಗಿ.

“ಹೆಂಡತೀನ ಕರ್ಕೊಂಡು ಬಾ, ಬೀಗ ಬಿಚ್ಚಿಸ್ಕೊಂಡು ಬಾ. ಆಮೇಲೆ ನೋಡೋಣ.”

“ವಿಡಿಯೋದಲ್ಲಿ ನೀವೇ ಅಲ್ವಾ? ಅವತ್ತು ಯಾರನ್ನ ಕೇಳಿ ಮಾಡಿದ್ರಿ?”

ಬೀಗದಕ್ಕನ ಕೈ ಮೇಜಿನ ಮೇಲಿನ ಅರದ ಕಡೆ ಹೋಯಿತು. “ಎದ್ದು ಹೋಗ್ತೀಯೋ, ಅರ ತಗೋಬೇಕೋ?” ಎಂದಳು.

“ಪೇಟೇಲಿ ನೀವೊಬ್ರೇ ಅಲ್ಲ” ಎಂದು ಅವನು ನಗುತ್ತಲೇ ಹೋದ.

ಬೀಗದಕ್ಕ ಸ್ವಲ್ಪ ಹೊತ್ತು ಮೇಜಿನ ಮೇಲಿನ ಲೋಹದ ಪುಡಿಯನ್ನು ಅಂಗೈಯಿಂದ ಗುಡ್ಡೆ ಮಾಡುತ್ತಾ ಕೂತಳು. ಹಿಂದೆ ಹೀಗೇ ಒಂದು ಬಾಗಿಲಿಗೆ ಹೋಗಿ ಹೇಳಿದ್ದಕ್ಕೆ ಹೆಸರು ಹೋಗಿತ್ತು. ಈ ಹುಡುಗಿಯೂ ಹಾಗೇ ಕೂಗಿಕೊಂಡರೆ ಮೇಜೂ ಹೋಗುತ್ತದೆ. ಪುಡಿಯನ್ನು ಕಾಗದಕ್ಕೆ ಸುರಿದು, ಚೀಲಕ್ಕೆ ಪಿನ್ನಿನ ಡಬ್ಬಿ ಹಾಕಿಕೊಂಡು ಎದ್ದಳು.

ಆಸ್ಪತ್ರೆಯ ಹಿಂದಿನ ಬೀದಿಯ ಆ ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ನರ್ಸಿನ ಒಂದು ಕಣ್ಣು.

“ನೀವು... ಆ ವಿಡಿಯೋದವರು.”

“ಹೌದು, ಅದೇ ಕಳ್ಳಿ. ಬಾಗಿಲು ತೆಗೀಬೇಡ, ಅಲ್ಲಿಂದ್ಲೇ ಕೇಳು. ಚಹಾದ ಲೋಟದ ಪಕ್ಕ ಕೀಲಿ ಇಟ್ಟು ಎಲ್ಲಾದ್ರೂ ಫೋಟೋ ಹಾಕಿದೀಯಾ?”

“ನಿಮಗ್ಯಾರು ಹೇಳಿದ್ರು?”

“ನೀಲಿ ಅಂಗಿ, ನಯವಾದ ಮಾತು, ಎಡಗಿವಿ ಮೇಲೆ ಮಚ್ಚೆ. ನೀನು ಅವನ ಹೆಂಡ್ತಿಯಂತೆ.”

ಸಂದಿಯಲ್ಲಿ ಕಣ್ಣು ಕಾಣಲಿಲ್ಲ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಮತ್ತೆ ಬಂದಾಗ ಅವಳ ಕೈಯಲ್ಲಿ ಫೋನಿತ್ತು. “ಎಂಟು ತಿಂಗಳಿಂದ ಹಿಂದೆ ಬಿದ್ದಿದಾನೆ. ನಂಬರ್ ಬ್ಲಾಕ್ ಮಾಡಿದ್ದೆ. ಆ ಫೋಟೋ ಎಲ್ರಿಗೂ ಕಾಣೋ ಹಾಗೆ ಹಾಕಿದ್ದು ನೆನಪೇ ಇರ್ಲಿಲ್ಲ.”

“ಅಳಿಸು. ಅಳಿಸಿದ್ರೂ ಅವನ ಫೋನಲ್ಲಿದೆ. ಬೀಗದ ಪಿನ್ನು ಬದಲಾಯಿಸ್ಬೇಕು, ಈಗ್ಲೇ. ಬೇರೆ ಯಾರಾದ್ರೂ ಗೊತ್ತಿದ್ರೆ ಕರೆಸು, ನಾನು ಹೋಗ್ತೀನಿ.”

ನರ್ಸ್ ಫೋನಿನಲ್ಲಿ ಆ ಫೋಟೋ ಹುಡುಕಿ ಅಳಿಸಿದಳು. ಆಮೇಲೆ ಸರಪಳಿ ತೆಗೆದಳು. ಒಳಗೆ ಕರೆಯಲಿಲ್ಲ.

ಬೀಗದಕ್ಕ ಹೊಸಿಲಾಚೆ ಕುಕ್ಕರಗಾಲಿನಲ್ಲಿ ಕೂತು ಬೀಗ ಬಿಚ್ಚಿದಳು. ತಲೆಯ ಮೇಲೆ ಟಿಣ್ ಎಂದಿತು. ನರ್ಸ್ ಗೋಡೆಗೆ ಒರಗಿ ವಿಡಿಯೋ ಮಾಡುತ್ತಿದ್ದಳು.

“ಬೇಜಾರು ಮಾಡ್ಕೋಬೇಡಿ. ನಿಮ್ಮನ್ನೂ ನಂಬೋದು ಹೇಗೆ?”

“ನಂಬು ಅಂದವರ್ಯಾರು? ಮಾಡು ವಿಡಿಯೋ. ಹೊಸ ಕೀಲಿ ಕಾಣದ ಹಾಗೆ ಹಿಡಿ, ಅಷ್ಟೇ.”

ಫೋನು ಬೀಗದಿಂದ ಮೇಲೆದ್ದು ಅವಳ ಮುಖದ ಮೇಲೆ ಬಂದು ನಿಂತಿತು. ಬೀಗದಕ್ಕ ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಸವೆದ ಮೂರನೇ ಪಿನ್ನನ್ನು ಚಿಮಟದಿಂದ ಕಿತ್ತು ನೆಲದ ಮೇಲಿಟ್ಟು, ಡಬ್ಬಿಯಲ್ಲಿ ಅದಕ್ಕಿಂತ ಉದ್ದನೆಯದನ್ನು ಹುಡುಕತೊಡಗಿದಳು.