ಬೋಜದ ಮಡಕೆ ಆರಿಸುತ್ತಿದ್ದವಳು

ಲಿಂಗನಮಕ್ಕಿ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲಿ, ಸಾಗರದ ಸಂತೆಗೆ ಹೊರಟ ಹೆಂಗಸರೆಲ್ಲ ನಮ್ಮ ನೆರೆಮನೆಯ ಅತ್ತೆಯನ್ನು ಜೊತೆಗೆ ಕರೆಯುತ್ತಿದ್ದರು. ಹಬ್ಬಕ್ಕೆ ಅನ್ನ ಹುಳಿ ಬರಿಸಿ ಅಕ್ಕಿ ಬೋಜವೆಂಬ ಹೆಂಡ ಮಾಡಲು ಎಂಥ ಮಡಕೆ ಬೇಕೆಂದು ಆಕೆಗೇ ಗೊತ್ತು. ಬೆರಳ ಗೆಣ್ಣಿನಿಂದ ಬಡಿದು, ಒಳಗೆ ಮೂಗಿಟ್ಟು, "ಮಡಕೆ ಉಸಿರಾಡ್ಬೇಕು ಕಣೇ" ಅನ್ನುವಳು.

ಆಕೆಯ ಮನೆಯ ಹಳೆಯ ಮಡಕೆಯ ಒಳಗನ್ನು ಯಾರೂ ಉಜ್ಜುತ್ತಿರಲಿಲ್ಲ. ಬೋಜ ಹದಕ್ಕೆ ಬರುವ ಗುಣ ಅಲ್ಲೇ ಅಂಟಿಕೊಂಡಿರುತ್ತದೆ. ಆ ಮನೆಗೆ ಬಂದ ಹೊಸ ಸೊಸೆ ಅತ್ತೆಯನ್ನು ಮೆಚ್ಚಿಸಲೆಂದು ಅದನ್ನು ಬೂದಿ ಹಾಕಿ ಹೊಸದರಂತೆ ತಿಕ್ಕಿಟ್ಟಳು. ದೀಪಾವಳಿಯಂದು ಹಿರಿಯರ ಎಡೆಗೆ ಇಡಬೇಕಾದ ಬೋಜ ಹಳಸಿ ನಾರಿತು.

"ಯಾರ ಕೆಲಸ ಇದು? ಅವಳನ್ನ ತವರಿಗೆ ಅಟ್ತೀನಿ!" ಎಂದು ಅತ್ತೆಯ ಗಂಡ ನೆಂಟರೆದುರು ಕೂಗಿದ.

"ಹಳೇದು ಒಡೀತು. ಇದು ನಾನೇ ಆರಿಸಿ ತಂದಿದ್ದು. ಅಟ್ಟೋದಾದ್ರೆ ನನ್ನೇ ಅಟ್ಟಿ, ಈ ವಯಸ್ಸಲ್ಲಿ ತವರಲ್ಲಿ ಯಾರಿದಾರೋ ನೋಡ್ಕೊಂಡು ಬರ್ತೀನಿ" ಎಂದಳು ಅತ್ತೆ. ಎಲ್ಲರೂ ನಕ್ಕರು.

ಆಮೇಲೆ ಮಡಕೆ ಆರಿಸಲು ಆಕೆಯನ್ನು ಯಾರೂ ಕರೆಯಲಿಲ್ಲ, ನನ್ನ ಅವ್ವನೂ. ಸಂತೆಯ ದಿನ ಆಕೆ ಸೀರೆ ಬದಲಿಸಿ ಜಗಲಿಯಲ್ಲಿ ಕೂತಿರುತ್ತಿದ್ದಳು.

ನಾನು ಬಿ.ಎ. ಮುಗಿಸಿ ಬರುವ ಹೊತ್ತಿಗೆ ಆಕೆ ತೀರಿಹೋಗಿದ್ದಳು. ಸೊಸೆ ಅವ್ವನೆದುರು ಅತ್ತು ನಿಜ ಹೇಳಿದಳು. ಅವ್ವ, "ಒಂದ್ಸಲನಾದ್ರೂ ಕರೀಬೇಕಿತ್ತು" ಅಂದಳು.