ಬೆಂಕಿಗೆ ಹಿಡಿದ ಎಳೆ

ನನ್ನ ಮೂಗಿನ ಬಗ್ಗೆ ನನಗೆ ತುಸು ಹೆಚ್ಚೇ ಅಭಿಮಾನ. ಬೀದರಿನಿಂದ ನಾಸಿಕಕ್ಕೆ ಬಂದು, ಅಂಬಡದ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿಗಳಿಗೆ ಬೇಕಾದ ಕಚ್ಚಾ ಮಾಲು ಕೊಳ್ಳುತ್ತ ಇಪ್ಪತ್ತು ವರ್ಷ ಕಳೆದವನು ನಾನು. ಈ ಮಾಲಿಗೆ ನಮ್ಮಲ್ಲಿ ದಾಣಾ ಎನ್ನುತ್ತಾರೆ. ನೋಡಲು ಸಾಬೂದಾನಿ, ಹುಟ್ಟಿದ್ದು ಕಲ್ಲೆಣ್ಣೆಯಲ್ಲಿ. ಚೀಲದ ಮೇಲೆ ಏನೇ ಬರೆದಿರಲಿ, ನಾಲ್ಕು ಕಾಳನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ, ಆರಿಸಿ, ಮೂಸಿದರೆ ಕುಲಗೋತ್ರವೆಲ್ಲ ಹೊರಗೆ ಬೀಳುತ್ತದೆ. ಮೇಣದ ವಾಸನೆ ಬಂದರೆ ಪಾಲಿಪ್ರೊಪಿಲೀನ್, ಕೂದಲು ಸುಟ್ಟ ವಾಸನೆ ಬಂದರೆ ನೈಲಾನ್, ಮೂಗು ಕಣ್ಣು ಉರಿದರೆ ಪಿವಿಸಿ. ಮನುಷ್ಯರಿಗೆ ಇಂಥ ಸುಲಭದ ಪರೀಕ್ಷೆ ಇಲ್ಲವಲ್ಲ ಎಂದು ಎಷ್ಟೋ ಸಲ ಮರುಗಿದ್ದೇನೆ.

ಈ ಚಟ ಕಾರ್ಖಾನೆಯಲ್ಲೇ ಉಳಿಯಲಿಲ್ಲ. ಅಂಗಡಿಯಲ್ಲಿ ಚಪ್ಪಲಿಯ ತುದಿಗೆ ಕಡ್ಡಿ ಗೀರಿ ಬೈಸಿಕೊಂಡದ್ದುಂಟು. ತ್ರ್ಯಂಬಕೇಶ್ವರದಲ್ಲಿ ರುದ್ರಾಕ್ಷಿಗೂ ಕಡ್ಡಿ ಗೀರಲು ಹೋದಾಗ ಹೆಂಡತಿ, "ದೇವರನ್ನರೆ ಬಿಡ್ರಿ," ಎಂದಿದ್ದಳು.

ಮಗಳ ನಿಶ್ಚಿತಾರ್ಥದ ದಿನವಾದರೂ ಬಿಡಬೇಕಿತ್ತು. ವರ ಔರಂಗಾಬಾದಿನವನು, ಅವನೂ ವಾಳೂಜಿನ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಮೂರು ಸಂಬಂಧ ತಪ್ಪಿಹೋದ ಮೇಲೆ ಕೂಡಿಬಂದದ್ದು, ಮಗಳಿಗೂ ಮನಸ್ಸಿಗೆ ಬಂದ ಹುಡುಗ. ಅವನ ತಾಯಿ ಪೈಠಣಿ ಸೀರೆಯನ್ನು ತಟ್ಟೆಯಲ್ಲಿಟ್ಟು, "ಖರೇ ರೇಷ್ಮಿ ಅದರಿ," ಎಂದರು. ಆ ಮಾತು ಕೇಳಿದ್ದೇ ನನ್ನ ಮೂಗು ತುರಿಸಿತು. ಸೀರೆ ಒಳಗಿಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಸೆರಗಿನ ಒಂದೆಳೆ ಕಿತ್ತು ಗ್ಯಾಸಿನ ಉರಿಗೆ ಹಿಡಿದೆ. ರೇಷ್ಮೆಯಾಗಿದ್ದರೆ ಕೂದಲಿನ ಹಾಗೆ ನಾರಿ ಬೂದಿಯಾಗಬೇಕು. ಇದು ಮುದುಡಿ, ಕರಗಿ, ಸಾಸಿವೆಯಂಥ ಕರಿ ಗುಂಡಾಗಿ ನಿಂತಿತು. ಪಾಲಿಯೆಸ್ಟರ್.

ಹೆಂಡತಿ ಹಿಂದೆಯೇ ಬಂದಳು. "ನಿಮಗ ರೇಷ್ಮಿ ಬೇಕೋ, ಬೀಗರು ಬೇಕೋ?" ಎಂದು ಪಿಸುಗುಟ್ಟಿ, ಸೀರೆ ಕಸಿದುಕೊಂಡು ಹೋದಳು. ಸೀರೆಯಲ್ಲೇ ಮೋಸ ಮಾಡುವವರು ಮಗಳನ್ನು ಹೇಗೆ ನೋಡಿಕೊಂಡಾರು? ನನಗೆ ನಿಜವಾಗಿಯೂ ಭಯವಾಯಿತು. ಕೇಳಿಯೇ ಬಿಡುತ್ತೇನೆಂದು ತಿರುಗಿದರೆ ಬಾಗಿಲಲ್ಲಿ ವರ, ನೀರಿಗೆಂದು ಬಂದವನು. ಗಾಳಿಯನ್ನೊಮ್ಮೆ ಮೂಸಿದ. ನನ್ನ ಬೆರಳ ತುದಿಯ ಗುಂಡನ್ನು ನೋಡಿದ.

"ಅವ್ವಗ ಹೇಳಬ್ಯಾಡ್ರಿ, ಮಾವಾರ. ಖರೇನ ಅಂತ ತಿಳದು ಭಾಳ ಆಸೆಲೆ ತಂದಾಳ."

ಆಮೇಲೆ ತನ್ನ ಹೆಗಲ ಮೇಲಿದ್ದ ಶಲ್ಯದ ಅಂಚನ್ನು ಮೆಲ್ಲಗೆ ಎತ್ತಿ ತೋರಿಸಿದ. ಹೋದ ತಿಂಗಳು ಮಾತುಕತೆಯ ದಿನ ರೇಷ್ಮೆಯದೆಂದು ನಾವೇ ಹೊದಿಸಿದ್ದ ಶಲ್ಯ. ಅದರ ಒಂದು ಕುಚ್ಚಿನ ತುದಿಯಲ್ಲೂ ಅಂಥದೇ ಕರಿ ಗುಂಡು. ಅದನ್ನು ಕೊಂಡು ತಂದವನು ನಾನೇ. ನಾನು ಕೊಡುವ ವಸ್ತುವಿಗೂ ಒಂದು ಕಡ್ಡಿ ಗೀರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಇದನ್ನ ನಾನೂ ಯಾರಿಗೂ ಹೇಳಿಲ್ರಿ," ಎಂದ.

ನಾನು ಕಿಟಕಿ ತೆರೆದೆ. ಮಾವ ಅಳಿಯ ಇಬ್ಬರೂ ಒಂದೊಂದು ತಟ್ಟೆ ಹಿಡಿದು ವಾಸನೆಯನ್ನು ಹೊರಗೆ ಬೀಸತೊಡಗಿದೆವು.