ಊರಿಲ್ಲದ ಗೆಳತಿಯ ಬುತ್ತಿ

ಯರಗಟ್ಟಿಯ ಪೂನಮ್ ಡಾಕ್ಟರಿಕೆ ಓದಲು ೧೯೯೭ರಲ್ಲಿ ಬೆಳಗಾವಿಗೆ ಹೋದಾಗ, ಊರಿನಿಂದ ಅವಳ ಹಿಂದೆ ದಿನವೂ ಹೋಗುತ್ತಿದ್ದದ್ದು ಬುತ್ತಿಯೊಂದೇ. ಅವ್ವ ಸುಂದರವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯದ ಡಬ್ಬಿ, ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿ, ರಾಮದುರ್ಗದಿಂದ ಬರುವ ಬಸ್ಸಿನ ಕಂಡಕ್ಟರ್ ಪರಪ್ಪನ ಕೈಗೆ ಕೊಡುವಳು. ಆ ಸೀಮೆಯಲ್ಲಿ ಪಟ್ಟಣಕ್ಕೆ ಓದಲು ಹೋದ ಮಕ್ಕಳ ಹೊಟ್ಟೆ ತುಂಬುತ್ತಿದ್ದದ್ದೇ ಹಾಗೆ. ಡ್ರೈವರನ ಹಿಂದೆ ಗಂಟುಗಳ ರಾಶಿ ಇರುತ್ತಿತ್ತು. ಪೂನಮ್ ನಿಲ್ದಾಣಕ್ಕೆ ಹೋಗಿ ತನ್ನ ಗಂಟು ಇಸಿದುಕೊಂಡು, ಹಿಂದಿನ ದಿನದ ಡಬ್ಬಿ ವಾಪಸು ಕೊಟ್ಟು ಬರುವಳು.

ಹಾಸ್ಟೆಲ್ಲಿನ ಹುಡುಗಿಯರು ಮೊದಲ ವಾರ ಅವಳ ಊರು ಕೇಳಿದರು, ಹಿಂದೆಯೇ ಅಡ್ಡಹೆಸರು ಕೇಳಿದರು. ನಮ್ಮ ಕಡೆ ಅಡ್ಡಹೆಸರು ಕೇಳುವುದು ಯಾತಕ್ಕೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಜಾತಿ ತಿಳಿದ ಮೇಲೆ ಯಾರೂ ಜಗಳವಾಡಲಿಲ್ಲ, ಅಷ್ಟು ಒರಟರಲ್ಲ ಅವರು. ಊಟಕ್ಕೆ ಕರೆಯುವುದನ್ನು ಬಿಟ್ಟರು, ಓದಲು ಗುಂಪು ಕೂಡುವಾಗ ಮರೆತರು. ಕನ್ನಡ ಶಾಲೆಯಲ್ಲಿ ಕಲಿತ ಪೂನಮ್‌ಗೆ ಎಲುಬು ನರಗಳ ಇಂಗ್ಲಿಷ್ ಹೆಸರುಗಳು ತಲೆಯಲ್ಲಿದ್ದವು, ಬಾಯಿಗೆ ಬರುತ್ತಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಕೈಗೆ ತೊಡೆಯ ಎಲುಬು ಕೊಟ್ಟು ಕೇಳಿದಾಗ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ಫೇಲಾದಳು. ಆರು ತಿಂಗಳಿಗೆ ಮತ್ತೊಂದು ಪರೀಕ್ಷೆ ಇತ್ತು. ಅದರಲ್ಲೂ ಬಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದಳು.

ರವಿವಾರ ಯರಗಟ್ಟಿಯ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿದರೆ ಸುಂದರವ್ವ ಬಂದು ಕಾಯುತ್ತಿರುವಳು.

"ಒಬ್ಬಾಕೀನ ಓದತೀಯೇನವಾ? ಜೋಡಿ ಯಾರೂ ಇಲ್ಲೇನು?"

"ಅದಾಳಬೇ ಒಬ್ಬಾಕಿ ಗೆಳತಿ, ಸೀಮಾ ಅಂತ. ಇಬ್ಬರೂ ಕೂಡೇ ಓದತೇವಿ."

ಅವ್ವನ ಜೀವ ತಣ್ಣಗಿರಲಿ ಎಂದು ಹೇಳಿದ ಸುಳ್ಳು. ಮರುದಿನ ಗಂಟು ಭಾರವಾಗಿತ್ತು. ಬಿಚ್ಚಿದರೆ ಇಬ್ಬರಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿಯ ಎರಡು ಪೊಟ್ಟಣ. ಬೇಡವೆಂದರೆ ಗೆಳತಿ ಎಲ್ಲಿ ಹೋದಳೆಂದು ಹೇಳಬೇಕು. ಅವ್ವ ಬಡಿದ ರೊಟ್ಟಿಯನ್ನು ಚೆಲ್ಲಲು ಕೈ ಬಾರದು. ಹೀಗಾಗಿ ಮಧ್ಯಾಹ್ನ ಒಂದು ಪಾಲು, ಸಂಜೆ ಇನ್ನೊಂದು ಪಾಲು ಒಬ್ಬಳೇ ತಿನ್ನತೊಡಗಿದಳು. ಮೊದಲ ಪಾಲು ತಿನ್ನುವಾಗ ಇಲ್ಲದ ಒಂಟಿತನ ಎರಡನೆಯದನ್ನು ತಿನ್ನುವಾಗ ಎದುರಿಗೇ ಬಂದು ಕೂರುತ್ತಿತ್ತು.

"ಸೀಮಾಗ ನನ್ನ ಚಟ್ನಿ ಸೇರತೈತೇನು?" ಎಂದು ಅವ್ವ ಪ್ರತಿ ರವಿವಾರ ಕೇಳುವಳು.

"ಭಾಳ ಸೇರತೈತಿ," ಎನ್ನುವಳು ಪೂನಮ್.

ನಿಲ್ದಾಣದಲ್ಲಿ ಅವಳು ದಿನವೂ ಇನ್ನೊಬ್ಬ ಹುಡುಗಿಯನ್ನು ನೋಡುತ್ತಿದ್ದಳು. ಅದೇ ಬಸ್ಸಿಗೆ ಬರುವಳು, ಗಂಟು ಒಯ್ಯುತ್ತಿರಲಿಲ್ಲ, ಇಳಿಯುವವರ ಮುಖ ನೋಡಿ ಹೊರಟುಬಿಡುವಳು. ಪರಪ್ಪನೇ ಒಂದು ದಿನ ಹೇಳಿದ:

"ಆಕಿ ನಮ್ಮ ರಾಮದುರ್ಗದ ಹುಡುಗಿ, ಗಂಗಾ ಅಂತ, ನಿಮ್ಮ ಕಾಲೇಜಿನಾಕೀನ. ಬುತ್ತಿ ಕಟ್ಟಾಕ ಮನ್ಯಾಗ ಅವ್ವ ಇಲ್ಲ. ಊರ ಬಸ್ಸು ನೋಡಾಕ ಬರತಾಳ."

ಪೂನಮ್ ಆ ದಿನ ಧೈರ್ಯ ಮಾಡಿ ಹತ್ತಿರ ಹೋದಳು.

"ಊಟ ಮಾಡತೀರೇನ್ರಿ? ಇಬ್ಬರದ ಐತಿ."

ಗಂಗಾ ಅವಳನ್ನೂ ಗಂಟನ್ನೂ ನೋಡಿದಳು. "ಯಾ ಊರು?"

"ಯರಗಟ್ಟಿ," ಎಂದು ಪೂನಮ್ ಮುಂದಿನ ಪ್ರಶ್ನೆಗೆ ಮೈ ಬಿಗಿ ಮಾಡಿಕೊಂಡು ನಿಂತಳು.

"ಚಟ್ನಿ ಶೇಂಗಾದ್ದೋ, ಅಗಸೀದೋ?" ಎಂದಳು ಗಂಗಾ.

ಗಂಗಾ ಒಂದು ವರ್ಷ ಮುಂದಿದ್ದಳು, ಅವಳೂ ಅದೇ ವಿಷಯದಲ್ಲಿ ಒಮ್ಮೆ ಬಿದ್ದೆದ್ದವಳು. ಮರುದಿನದಿಂದ ಉಂಡು ಕೈ ತೊಳೆದ ಮೇಲೆ ಪೇಪರಿನಲ್ಲಿ ಸುತ್ತಿ ತಂದ ಎಲುಬನ್ನು ಪೂನಮ್‌ಳ ಕೈಗೆ ಕೊಟ್ಟು ಪ್ರಶ್ನೆ ಕೇಳತೊಡಗಿದಳು. "ತಪ್ಪಾದರ ಆಗಲಿ, ಜೋರ ಹೇಳು," ಎನ್ನುವಳು. ಒಂದು ದಿನ ನಿಲ್ದಾಣದ ಬೆಂಚಿನ ಮೇಲಿದ್ದ ಮುದುಕನೊಬ್ಬ ಎಲುಬು ಕಂಡು ತನ್ನ ಚೀಲ ಎತ್ತಿಕೊಂಡು ದೂರ ಹೋದ. ಪೂನಮ್ ಬೆಳಗಾವಿಗೆ ಬಂದ ಮೇಲೆ ಬಾಯಿತುಂಬ ನಕ್ಕದ್ದು ಅಂದೇ ಮೊದಲು.

ಪರೀಕ್ಷೆಯ ಫಲಿತಾಂಶ ಬಂದ ರವಿವಾರ ಫೋನ್ ಮಾಡಿದಳು.

"ಪಾಸಾಗೇನಿ ಯವ್ವಾ. ಗೆಳತಿ ಹೇಳಿಕೊಟ್ಟಳು. ಗಂಗಾ ಅಂತ, ರಾಮದುರ್ಗದಾಕಿ."



"ಈಕಿಗಿ ಊರೈತಿ," ಎಂದಳು ಸುಂದರವ್ವ. "ಸೀಮಾನ ಊರು ನೀ ಒಮ್ಮೆನೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಪೂನಮ್‌ಗೆ ಮುಖ ಬಿಸಿಯಾಯಿತು. "ಗೊತ್ತಿತ್ತೇನಬೇ? ಮತ್ಯಾಕ ಇಬ್ಬರದು ಕಳಿಸಿದಿ?"

"ಇಬ್ಬರದಿದ್ದರ ನೀ ಒಬ್ಬಾಕೀನ ಹೆಂಗ ಉಣ್ಣತೀ? ಯಾರನ್ನಾರ ಕರಕೊಂಡಿರತೀ ಅಂತ ತಿಳದಿದ್ನವಾ."

ಪೂನಮ್ ಹೂಂ ಎಂದಳು. ಅಷ್ಟು ದಿನ ಎರಡೂ ಪಾಲನ್ನು ತಾನೊಬ್ಬಳೇ ಉಂಡೆನೆಂದು ಅವಳು ಅವ್ವನಿಗೆ ಎಂದೂ ಹೇಳಲಿಲ್ಲ.